ಬಂಬದ ಕೊನೆಯ ನೀರು

ಸೊಲ್ಲಾಪುರದ ಅಂಗಡಿಯಲ್ಲಿ ಗೀಜರ್ ಆರಿಸುತ್ತ ನಿಂತು ಅರ್ಧ ತಾಸಾಗಿತ್ತು. ಒಂದು ತೀರ ಸಣ್ಣದೆನಿಸುತ್ತಿತ್ತು, ಇನ್ನೊಂದು ತೀರ ದೊಡ್ಡದು. "ಮನ್ಯಾಗ ಎಷ್ಟ ಮಂದಿ ಅದೀರಿ, ಸಾಹೇಬ್ರ?" ಎಂದು ಅಂಗಡಿಯವನು ಮತ್ತೆ ಕೇಳಿದ. ನನ್ನ ಕಣ್ಣು ಮಾತ್ರ ಬಾಗಿಲ ಬಳಿ ಯಾರೋ ಗುಜರಿಗೆಂದು ಬಿಟ್ಟುಹೋಗಿದ್ದ, ನೀರು ಕಾಯಿಸುವ ತಾಮ್ರದ ಬಂಬದ ಮೇಲಿತ್ತು. ಅದರ ಮಸಿಯ ವಾಸನೆ ನನ್ನನ್ನು ನಿಲ್ಲಗೊಡಲಿಲ್ಲ.

ಮೈಂದರ್ಗಿಯ ನಮ್ಮ ಬಚ್ಚಲಲ್ಲಿ ಇಂಥದೇ ಬಂಬವಿತ್ತು. ನಡುವಿನ ಕೊಳವೆಯಲ್ಲಿ ತೊಗರಿ ಕಟ್ಟಿಗೆ ಉರಿಯುತ್ತಿತ್ತು. ಮೇಲಿಂದ ಒಂದು ಕೊಡ ತಣ್ಣೀರು ಸುರಿದರೆ ಅಷ್ಟೇ ಬಿಸಿನೀರು ಹೊರಗೆ ಬೀಳುತ್ತಿತ್ತು. ಸ್ನಾನ ಮಾಡಿದವರು ಒಲೆಗೊಂದು ಕಟ್ಟಿಗೆ ಹಾಕಿ ಬರಬೇಕೆಂಬುದು ಅಜ್ಜನ ಕಟ್ಟಳೆ. ತಣ್ಣೀರು ಎಲ್ಲರೂ ಸುರಿಯುತ್ತಿದ್ದೆವು, ಕಟ್ಟಿಗೆ ಯಾರಿಗೂ ನೆನಪಾಗುತ್ತಿರಲಿಲ್ಲ. ಕಟ್ಟಳೆ ಮಾಡಿದ ಅಜ್ಜನೇ, "ಲಗೂ ಹೊರಗ ಬರ್ರಿ, ಪೂಜಿಗಿ ತಡಾ ಆಗ್ತದ" ಎಂದು ಬಾಗಿಲು ಬಡಿಯುತ್ತಿದ್ದ. ಕಾಕಾನಿಗೆ ಅಕ್ಕಲಕೋಟದ ಬಸ್ಸಿನ ಅವಸರ, ನಮಗೆ ಸಾಲಿಯದು. ಅವ್ವ ಒಳಗೆ ಹೋಗುವ ಹೊತ್ತಿಗೆ ಕೆಂಡ ಬೂದಿಯಾಗಿರುತ್ತಿತ್ತು.

"ನೀರು ಕಾದಾವೇನವ್ವಾ?" ಎಂದರೆ, "ನನಗ ಉಗುರು ಬೆಚ್ಚಗಿದ್ರ ಸಾಕಪ್ಪಾ. ಸುಡು ನೀರು ಸೇರಂಗಿಲ್ಲ" ಎನ್ನುತ್ತಿದ್ದಳು. ನಾವು ಅದನ್ನು ನಂಬಿಯೇ ಬೆಳೆದೆವು.

ಅಂಗಡಿಯವನು ಪೆನ್ನು ಕುಟ್ಟುತ್ತಿದ್ದ. ನಾನು ತಡೆಯಲಾರದೆ ಮನೆಗೆ ಫೋನು ಹಚ್ಚಿದೆ.

"ಅವ್ವಾ, ಖರೇ ಹೇಳು. ನಿನಗ ಜಳಕಕ್ಕ ಎಷ್ಟ ಬಿಸಿನೀರು ಬೇಕು?"

ಅವಳು ಒಂದಿಷ್ಟೂ ಯೋಚಿಸಲಿಲ್ಲ.

"ನಿಮ್ದೆಲ್ಲಾರ್ದೂ ಆದಮ್ಯಾಗ ಎಷ್ಟ ಉಳಿತಾವ, ಅಷ್ಟ."