ಧ್ಯಾನಕ್ಕೆ ಕೂತ ಆಮೆ

ನಮ್ಮ ಮನೆಯ ಆಮೆಗೆ ಕಣ್ಣು ಬಾತು ಮುಚ್ಚಿಹೋದಾಗ ಸಿಂಧನೂರಿನ ನಮ್ಮ ಓಣಿಯ ಜನ ಬಂದು ಅದಕ್ಕೆ ಕೈಮುಗಿದರು. ಅದಕ್ಕೆ ಜಡ್ಡಾಗಿದೆ ಎಂದವಳು ನಾನೊಬ್ಬಳೇ. ಆಗ ನನಗೆ ಹತ್ತೊಂಬತ್ತು ವಯಸ್ಸು, ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಎಂಟು ತಿಂಗಳ ಸೊಸೆಯ ಮಾತನ್ನು ಯಾರು ಕೇಳಬೇಕು? ಕೇಳಲಿಲ್ಲ. ಹಾಗಂತ ನಾನು ಸುಮ್ಮನೆ ಕೂಡಲೂ ಇಲ್ಲ.

ಆ ಆಮೆ ಮೊದಲು ಹಿತ್ತಲ ಬಾವಿಯಲ್ಲಿತ್ತು. ನೀರು ಸ್ವಚ್ಛ ಇರಲಿ ಎಂದು ಮಾವನ ತಂದೆ ಬಿಟ್ಟಿದ್ದಂತೆ. ಕೆನಾಲು ಬಂತು, ಅದರ ಹಿಂದೆ ಓಣಿಗೆ ನಳ ಬಂತು, ಬಾವಿ ಯಾರಿಗೂ ಬೇಡವಾಯಿತು. ಆ ವರ್ಷ ಯುಗಾದಿ ಮುಗಿದ ಮೇಲೆ ಮಾವ ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಹಾಸಿಸಿದರು. ಅದಕ್ಕೂ ಮೊದಲು ಬುಟ್ಟಿ ಇಳಿಬಿಟ್ಟು ಆಮೆಯನ್ನು ಮೇಲೆತ್ತಿ, ಪಡಸಾಲೆಯ ಮೂಲೆಯಲ್ಲಿದ್ದ ಕಲ್ಲಿನ ಡೋಣಿಯಲ್ಲಿ ಬಿಟ್ಟರು. ಹಿಂದೆ ಎತ್ತುಗಳು ನೀರು ಕುಡಿಯುತ್ತಿದ್ದ ಡೋಣಿ ಅದು. ಬಿಸಿಲು ಅಲ್ಲಿಗೆ ಇಣುಕುತ್ತಲೂ ಇರಲಿಲ್ಲ.

ಮಾವನದು ಕಿರಾಣಿ ಅಂಗಡಿ. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿಯದ ಮನುಷ್ಯ. ಮೊಟ್ಟೆ ಎಂಬ ಮಾತನ್ನೂ ಆ ಮನೆಯಲ್ಲಿ ಆಡುವಂತಿರಲಿಲ್ಲ. ಪೂಜೆ ಮುಗಿದ ಮೇಲೆ ನೈವೇದ್ಯದ ಅನ್ನದಲ್ಲಿ ಒಂದು ಹಿಡಿ ಆಮೆಗೆ ಹಾಕುತ್ತಿದ್ದರು. ಒಮ್ಮೊಮ್ಮೆ ಬಾಳೆಹಣ್ಣು, ಹಬ್ಬಕ್ಕೆ ಹೋಳಿಗೆಯ ಚೂರು. ಬಾವಿಯೊಳಗಿದ್ದಾಗ ಅದು ಏನು ತಿಂದು ಬದುಕಿತ್ತು ಎಂದು ಯಾರೂ ಕೇಳಿಕೊಳ್ಳಲಿಲ್ಲ. ನಮ್ಮ ಮನೆಯ ಆಮೆ ಎಂದ ಮೇಲೆ ಅದೂ ನಮ್ಮ ಹಾಗೇ ಉಣ್ಣಬೇಕು, ಅಷ್ಟೇ.

ಶ್ರಾವಣ ಬರುವಷ್ಟರಲ್ಲಿ ಅದು ಅನ್ನ ಮುಟ್ಟುವುದನ್ನು ಬಿಟ್ಟಿತು. ನೀರಿನಿಂದ ಮೇಲೆ ಬಂದು, ಡೋಣಿಯೊಳಗಿನ ಕಲ್ಲಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿತ್ತು. ಮಾವ ಅದನ್ನು ನೋಡಿ ಕೈಮುಗಿದರು.

“ಧ್ಯಾನಕ್ಕ ಕುಂತೈತಿ ನೋಡ್ರಿ. ಶ್ರಾವಣ ಅಂತ ಅದಕ್ಕೂ ಗೊತ್ತಾಗೈತಿ, ಉಪವಾಸ ಹಿಡದೈತಿ” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಮೊದಲ ಸೋಮವಾರವೇ ಜನ ಬಂದರು. ಆಮೆಯ ಬೆನ್ನಿಗೆ ವಿಭೂತಿ ಬಳಿದರು, ಬಿಲ್ವಪತ್ರೆ ಇಟ್ಟರು. ಒಬ್ಬ ಹಿರಿಯರಂತೂ ಅದನ್ನು “ಅಜ್ಜಾರು” ಎಂದು ಕರೆದರು, ಎಲ್ಲರೂ ಹಾಗೇ ಕರೆಯತೊಡಗಿದರು.

ನಾನು ಗುರುಗುಂಟಾ ಕಡೆಯವಳು. ನಮ್ಮದು ಒಣಬೇಸಾಯದ ಮನೆ. ಮನುಷ್ಯರಿಗಿಂತ ದನಕರುಗಳೇ ಹೆಚ್ಚು. ಅಪ್ಪ ಮುಂಜಾನೆ ಎದ್ದವನೇ ಮುಖ ಸಹ ತೊಳೆಯದೆ ಕೊಟ್ಟಿಗೆಗೆ ಹೋಗುತ್ತಿದ್ದ. ಯಾವುದು ರಾತ್ರಿ ಮೇವು ಬಿಟ್ಟಿದೆ, ಯಾವುದು ಉಳಿದವನ್ನು ಬಿಟ್ಟು ದೂರ ನಿಂತಿದೆ, ಯಾವುದರ ಕಣ್ಣು ಸೋರುತ್ತಿದೆ ಎಂದು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದ. “ದನ ಬಾಯಿಬಿಟ್ಟು ಹೇಳಂಗಿಲ್ಲವ್ವಾ, ನಾವ ನೋಡಬೇಕು” ಎನ್ನುತ್ತಿದ್ದ. ಸಾಲಿಗೆ ಹೋಗಿ ಕಲಿತದ್ದು ಅರ್ಧ ಮರೆತಿದ್ದೇನೆ, ಇದನ್ನು ಮರೆತಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಆಮೆಯನ್ನು ಎತ್ತಿ ನೋಡಿದೆ. ಖಾಲಿ ಗಡಿಗೆ ಎತ್ತಿದ ಹಾಗೆ ಹಗುರ. ರೆಪ್ಪೆಗಳು ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿ ಅಂಟಿಕೊಂಡಿದ್ದವು, ಅಂಚಿನಲ್ಲಿ ಕೀವು. ಕಾಲು ಎಳೆದರೆ ಒಳಗೆ ಎಳೆದುಕೊಳ್ಳಲು ತ್ರಾಣವಿಲ್ಲ. ಡೋಣಿಯ ನೀರಿನ ತಳದಲ್ಲಿ ದಿನದಿನದ ಅನ್ನ ಕೊಳೆತು ಹುಳಿ ನಾತ ಹೊಡೆಯುತ್ತಿತ್ತು. ನನಗೆ ಸಿಟ್ಟು ಬಂತು. ಇಷ್ಟು ಜನ ಕೈಮುಗಿದರಲ್ಲ, ಒಬ್ಬರಿಗಾದರೂ ಮೂಗು ಇರಲಿಲ್ಲವೇ?

ಸಂಜೆ ಮಾವನಿಗೆ ನೇರವಾಗಿ ಹೇಳಿದೆ. “ಮಾವಾರೆ, ಇದು ಧ್ಯಾನ ಅಲ್ಲರೀ, ಬ್ಯಾನಿ. ಹಿಂಗ ಬಿಟ್ರ ಸಾಯ್ತೈತಿ.”

“ನಿಮ್ಮ ಗುರುಗುಂಟಾದಾಗ ಕುರಿ ನೋಡಿದಂಗ ಅಲ್ಲವ್ವಾ ಇದು” ಎಂದರು ಮಾವ. ನನ್ನ ಗಂಡ ನಕ್ಕ. ಅಪ್ಪ ನಕ್ಕರೆ ನಗುವುದು, ಸಿಟ್ಟಾದರೆ ಸಿಟ್ಟಾಗುವುದು, ಆ ವಯಸ್ಸಿನಲ್ಲಿ ಅವನಿಗಿದ್ದ ದೊಡ್ಡ ಕೆಲಸ ಅದು. ಅತ್ತೆ ದೇವರಕೋಣೆಯಿಂದ ಹೊರಗೆ ಬರಲಿಲ್ಲ. ಅವರದು ಮೊದಲೇ ಮಾತು ಕಡಿಮೆ. ದಿನಕ್ಕೆ ಒಂದೇ ಹೊತ್ತು, ಅದೂ ನಾಲ್ಕು ತುತ್ತು ಉಂಡು, ಉಳಿದ ಹೊತ್ತೆಲ್ಲ ದೇವರಕೋಣೆಯಲ್ಲಿ ಕಣ್ಣುಮುಚ್ಚಿ ಕೂತಿರುತ್ತಿದ್ದರು. ಎರಡು ವರ್ಷದಿಂದ ಹೀಗೇ ಎಂದು ಓಣಿಯ ಹೆಂಗಸರು ಹೊಗಳುತ್ತಿದ್ದರು. ಇಂಥ ಅತ್ತೆ ಸಿಕ್ಕದ್ದು ನನ್ನ ಪುಣ್ಯ ಎಂದು ನಾನೂ ನಂಬಿದ್ದೆ.

ಕೌದಿ ಒಗೆಯಲು ಕೆನಾಲಿಗೆ ಹೋದಾಗ ದಂಡೆಯ ಮೇಲೆ ಮೀನು ಮಾರುವ ಮುದುಕಿ ಕೂತಿದ್ದಳು. ಆಂಧ್ರದಿಂದ ಗದ್ದೆ ಮಾಡಲು ಬಂದವರ ಕ್ಯಾಂಪಿನವಳು. ನಾಲ್ಕು ಮಾರು ದೂರ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು ಆಮೆಯ ವಿಷಯ ಕೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

“ಅನ್ನ ತಿನ್ನೋ ಆಮಿ ನಾ ಎಲ್ಲೀ ನೋಡಿಲ್ಲಮ್ಮಾ. ಅದಕ್ಕ ಹುಳ ಬೇಕು, ಸಣ್ಣ ಮೀನು ಬೇಕು, ಬಿಸಿಲು ಬೇಕು. ದಿನಾ ನೀರು ಬದಲಾಯಿಸು. ಕಣ್ಣು ಕಾಣಲ್ಲ ಅದಕ್ಕ, ಮೂಗಿನ ಹತ್ರ ಹಿಡಿ. ಬೆರಳು ಹುಷಾರು.” ಹೇಳಿದವಳೇ ಎಲೆಯೊಂದರಲ್ಲಿ ಬೆರಳುದ್ದದ ಐದಾರು ಮೀನು ಸುತ್ತಿ ನೆಲದ ಮೇಲಿಟ್ಟಳು.

ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ ನಾನು. ಎರಡೇ ಬೆರಳಲ್ಲಿ ಎಲೆಯ ತುದಿ ಹಿಡಿದು ಎತ್ತಿಕೊಂಡೆ. ಕೊರಳಲ್ಲಿ ಲಿಂಗ ಇತ್ತು. ಅದಕ್ಕೆ ಮನಸ್ಸಿನಲ್ಲೇ ಹೇಳಿದೆ, ತಿನ್ನುವವಳು ನಾನಲ್ಲ, ಹಸಿದದ್ದು ಅದು, ನೀನೇ ನೋಡಿಕೋ. ಒದ್ದೆ ಕೌದಿಯ ಮಡಿಕೆಯಲ್ಲಿ ಮೀನು ಬಚ್ಚಿಟ್ಟುಕೊಂಡು ಮನೆ ಸೇರಿದೆ.

ಡೋಣಿ ಉಜ್ಜಿ ತೊಳೆದೆ. ಮಧ್ಯಾಹ್ನಗಳಲ್ಲಿ ಆಮೆಯನ್ನು ಹಿತ್ತಲಿಗೆ ಒಯ್ದು, ಅಗಲವಾದ ಬುಟ್ಟಿಯಲ್ಲಿ ಅರ್ಧ ಬಿಸಿಲು ಅರ್ಧ ನೆರಳು ಬೀಳುವಂತೆ ಇಡುತ್ತಿದ್ದೆ. ಕಾಯಿಸಿ ಆರಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸುತ್ತಿದ್ದೆ. ಮೂಗಿನ ಹತ್ತಿರ ಮೀನು ಹಿಡಿದರೆ ಎರಡು ದಿನ ಅಲ್ಲಾಡಲಿಲ್ಲ. ಮೂರನೆಯ ದಿನ ಬಚ್ಚಲ ನೀರು ಹರಿಯುವ ಕಡೆ ಅಗೆದು ಎರೆಹುಳು ತಂದು ಹಿಡಿದೆ. ಕುತ್ತಿಗೆ ಚಾಚಿ ಗಬಕ್ಕನೆ ಕಚ್ಚಿತು, ಹುಳದ ಜೊತೆ ನನ್ನ ಬೆರಳನ್ನೂ. ರಕ್ತ ಬಂತು. ಅಷ್ಟು ಸಂತೋಷ ನನಗೆ ಆ ಮನೆಗೆ ಬಂದಾಗಿನಿಂದ ಆಗಿರಲಿಲ್ಲ.

ಹೀಗೆ ಎರಡು ವಾರ ಕದ್ದು ಮುಚ್ಚಿ ನಡೆಯಿತು. ಎಡಗಣ್ಣಿನ ಊತ ಇಳಿದು ಸಣ್ಣ ಸೀಳು ಕಂಡಿತು, ಆಮೇಲೆ ಬಲಗಣ್ಣು. ಆದರೂ ಅದು ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರಿಂದ ಧ್ಯಾನದ ಕತೆ ಮುಗಿದಿರಲಿಲ್ಲ. ನಾಲ್ಕನೆಯ ಸೋಮವಾರ ಪಡಸಾಲೆ ತುಂಬ ಜನ. ಅತ್ತೆಯ ತವರು ಮಸ್ಕಿಯಿಂದಲೂ ನಂಟರು ಬಂದಿದ್ದರು. ಅವರಲ್ಲೊಬ್ಬರು ತಂಬಿಗೆ ತುಂಬ ಹಾಲು ತಂದು, ಡೋಣಿಯಲ್ಲಿದ್ದ ಅಜ್ಜಾರಿಗೆ ಅಭಿಷೇಕ ಮಾಡಲು ಮುಂದೆ ಬಂದರು.

ಹಾಲು ಬಿದ್ದರೆ ನೀರು ಮತ್ತೆ ಕೊಳೆಯುತ್ತಿತ್ತು. ನಾನು ಡೋಣಿಗೆ ಅಡ್ಡ ನಿಂತೆ.

“ಹಾಲು ಹಾಕಬ್ಯಾಡ್ರಿ.”

“ಒಳಗ ನಡಿ” ಎಂದರು ಮಾವ. ನಾನು ನಡೆಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎಲೆಯ ಪೊಟ್ಟಣ ಬಿಚ್ಚಿ, ಎಲ್ಲರ ಎದುರಿಗೇ ಒಂದು ಎರೆಹುಳು ತೆಗೆದು ಆಮೆಯ ಮುಂದೆ ಹಿಡಿದೆ. ವಿಭೂತಿ ಬಳಿದುಕೊಂಡಿದ್ದ ಅಜ್ಜಾರು ಎರಡೂ ಕಣ್ಣು ತೆರೆದು, ಹುಳವನ್ನು ಕಿತ್ತುಕೊಂಡು ನುಂಗಿದರು. ಹಾಲು ತಂದವರು ತಂಬಿಗೆಯನ್ನು ಹಾಗೇ ಹಿಡಿದುಕೊಂಡು ಹೊರಗೆ ಹೋದರು.

ಆ ಸಂಜೆಯಿಂದ ನನಗೆ ಅಡುಗೆಮನೆ ಇಲ್ಲ, ದೇವರಕೋಣೆ ಇಲ್ಲ. ಹಿತ್ತಲ ಬಾಗಿಲಲ್ಲಿ ಬೇರೆ ತಟ್ಟೆ. ತವರಿಗೆ ಕಳಿಸುತ್ತೇನೆಂದರು ಮಾವ. “ಕಳಸ್ರಿ, ಬುಟ್ಯಾಗ ಆಮಿನೂ ಕಟ್ಟಿ ಕೊಡ್ರಿ” ಎಂದೆ. ಗಂಡ ಈ ಸಲ ನಗಲಿಲ್ಲ, ತಲೆ ತಗ್ಗಿಸಿದ. ಡೋಣಿಯನ್ನೂ ಹಿತ್ತಲಿಗೆ ಸರಿಸಿದರು. ಶಿಕ್ಷೆ ಎಂದು ಮಾಡಿದ್ದು ನಮ್ಮಿಬ್ಬರಿಗೂ ಒಳ್ಳೆಯದೇ ಆಯಿತು. ಅಲ್ಲಿ ಬಿಸಿಲಿತ್ತು.

ನಾಲ್ಕನೆಯ ದಿನವೋ ಐದನೆಯ ದಿನವೋ ಮಧ್ಯಾಹ್ನ ಅತ್ತೆ ಹಿತ್ತಲಿಗೆ ಬಂದರು. ಬೈಯಲು ಬಂದರೆಂದುಕೊಂಡು ನಾನೂ ಮಾತು ಸಜ್ಜು ಮಾಡಿಕೊಂಡೆ. ಅವರು ಆಮೆ ತಿನ್ನುವುದನ್ನು ನೋಡುತ್ತ ಕಟ್ಟೆಯ ಮೇಲೆ ಕೂತರು.

“ಜಡ್ಡಾಗೈತಿ ಅಂತ ನೀ ಏನ್ ನೋಡಿ ತಿಳಕೊಂಡಿ?” ಎಂದು ಕೇಳಿದರು.

“ಉಣ್ಣೂದು ಬಿಟ್ಟಿತ್ತರೀ. ಕಣ್ಣು ಮುಚ್ಚಿ ಒಂದ ಕಡೆ ಕುಂತಿರತಿತ್ತು. ಎತ್ತಿದ್ರ ಮೈಯಾಗ ಏನೂ ಇರಲಿಲ್ಲ.”

ಅತ್ತೆ ನನ್ನ ಹತ್ತಿರ ಸರಿದು ಕೂತರು. ಆಮೇಲೆ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ನನ್ನ ಮುಂದೆ ಚಾಚಿದರು. ಮೀನು ಮುಟ್ಟಿದ ನನ್ನ ಕೈಯನ್ನು ಆ ಮನೆಯಲ್ಲಿ ಯಾರೂ ಸೋಕುತ್ತಿರಲಿಲ್ಲ.

“ನನ್ನ ಕೈ ಒಂದ ಸಲ ಹಿಡದ ನೋಡು” ಎಂದರು.

ಹಿಡಿದೆ. ಹಸಿರು ಬಳೆಗಳು ಜಾರಿ ಮೊಳಕೈವರೆಗೆ ಹೋದವು. ಎಂಟು ತಿಂಗಳು ಒಂದೇ ಸೂರಿನಡಿ ಇದ್ದು ನಾನು ಅದನ್ನು ನೋಡಿರಲಿಲ್ಲ. ಆಮೆಯನ್ನು ಎತ್ತಿ ನೋಡಿದ್ದೆ, ಇವರನ್ನು ಹೊಗಳಿ ಬಿಟ್ಟಿದ್ದೆ. ನಾಚಿಕೆಯಾಯಿತು.

“ಎರಡ ವರ್ಷಾತು. ಅನ್ನ ಒಳಗ ಹೋದ್ರ ಹೊಟ್ಟಿಗೆ ಬೆಂಕಿ ಇಟ್ಟಂಗ ಆಗತೈತಿ. ಕಣ್ಣು ಮುಚ್ಚಿ ಕುಂತ್ರ ಯಾರೂ ಏನೂ ಕೇಳಂಗಿಲ್ಲ.”

ಮರುದಿನ ಮುಂಜಾನೆ ಲಿಂಗಸುಗೂರಿನ ದವಾಖಾನೆಗೆ ಹೊರಟೆವು. ಯಾರನ್ನು ಕೇಳಿ ಹೊರಟಿರಿ ಎಂದು ಮಾವ ಬಾಗಿಲಲ್ಲಿ ನಿಂತು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಜಡ್ಡಾದವರು ಯಾರನ್ನೂ ಕೇಳಂಗಿಲ್ಲ, ಸರೀರಿ” ಎಂದರು. ಮಾವ ಸರಿದರು. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಡಾಕ್ಟರು ಕೊಟ್ಟ ಔಷಧಿಗಿಂತ ಹೊತ್ತು ಹೊತ್ತಿಗೆ ಅವರನ್ನು ಉಣ್ಣಿಸುವುದೇ ನನಗೆ ದೊಡ್ಡ ಜಗಳವಾಯಿತು. ಆ ಜಗಳವನ್ನು ನಾವಿಬ್ಬರೂ ಎಷ್ಟೋ ವರ್ಷ ಆಡಿದೆವು.

ಆದರೆ ನನಗೆ ಈಗಲೂ ನೆನಪಾಗುವುದು ಆ ಮೊದಲ ದಿನದ ಬಸ್ಸು. ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಹಿತ್ತಲ ಬಾಗಿಲಲ್ಲಿ ನನ್ನ ತಟ್ಟೆಗೆ ಬಂದಿದ್ದ ಎರಡು ರೊಟ್ಟಿ, ಮೊಸರನ್ನೇ ನಾನು ಕಟ್ಟಿಕೊಂಡಿದ್ದೆ. ಮಸ್ಕಿ ಬಂತು, ಅವರ ತವರಿನ ಗುಡ್ಡ ಬಂತು. ಅಲ್ಲಿಯವರೆಗೂ ಅವರು ಒಮ್ಮೆಯೂ ಕಣ್ಣು ಮುಚ್ಚಿರಲಿಲ್ಲ.