ಜ್ವರಕ್ಕೆ ಕೂತ ಹುಳುಗಳ ಪಕ್ಕ ಐದು ನಿಮಿಷ

ಬೆಳಗಿನ ಐದೂವರೆ. ಶ್ರೀನಿವಾಸಪುರದ ಹೊರಗಿರುವ ಚಾಕಿ ಕೇಂದ್ರದ ಬಾಗಿಲು ತೆಗೆದು, ಕೈಕಾಲು ತೊಳೆದು ಒಳಹೋಗುವ ಶಾಮಲಮ್ಮ ಒಂದೊಂದೇ ತಟ್ಟೆಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಜೀರಿಗೆ ಕಾಳಿನಷ್ಟಿರುವ ರೇಷ್ಮೆಹುಳುಗಳು ತಲೆ ಎತ್ತಿಕೊಂಡು ಅಲುಗಾಡದೆ ಕೂತಿವೆ. ಪೊರೆ ಬಿಡುವ ಈ ಹೊತ್ತಿಗೆ ಸಾಕುವವರು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸುಮಾರು ಒಂದು ದಿನ ಹಿಪ್ಪುನೇರಳೆ ಸೊಪ್ಪು ತಿನ್ನುವುದಿಲ್ಲ, ಹಾಕಲೂಬಾರದು. ಶಾಮಲಮ್ಮ ತಟ್ಟೆ ಒಣಗಿರಲೆಂದು ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂತು ಕಣ್ಣು ಮುಚ್ಚುತ್ತಾರೆ.

ಮೊಟ್ಟೆಯಿಂದ ಹೊರಬಂದ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವುದು ಚಾಕಿ ಕೇಂದ್ರದ ಕೆಲಸ. ಐವತ್ತೆರಡರ ಶಾಮಲಮ್ಮ ಹನ್ನೆರಡು ವರ್ಷದಿಂದ ಇಲ್ಲಿದ್ದಾರೆ. ಒಂದು ಬ್ಯಾಚಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹುಳು, ತಿಂಗಳಿಗೆ ಎರಡು ಬ್ಯಾಚು. ಎಳೇ ಸೊಪ್ಪು ಕತ್ತರಿಸಿ ಕತ್ತರಿಸಿ ಬೆರಳಿಗೆ ಹಸಿರು ಹತ್ತಿದೆ. ಗೂಡು ಚೆನ್ನಾಗಿ ಬಂದರೆ ಹೆಸರು ರೈತನಿಗೆ, ಕೆಟ್ಟರೆ ಬೈಗುಳ ಚಾಕಿಗೆ. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಂಡವರಲ್ಲ.

ತಲೆ ಕೆಟ್ಟಿದ್ದು ಆರೇಳು ತಿಂಗಳ ಹಿಂದೆ, ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾದಾಗ. ಹುಳು ಜ್ವರಕ್ಕೆ ಕೂತರಂತೂ ಎಲ್ಲವೂ ಸತ್ತೇ ಹೋದವೇನೋ ಎಂಬ ಗಾಬರಿ. ಒಂದು ಸಲ ತಡೆಯಲಾರದೆ ನಡುವೆಯೇ ಸೊಪ್ಪು ಹಾಕಿಬಿಟ್ಟರು. ಜ್ವರ ಬಿಟ್ಟು ಎದ್ದಿದ್ದ ಹುಳು ತಿಂದು ಬೆಳೆದವು, ಏಳದವು ಸೊಪ್ಪಿನಡಿ ಉಳಿದವು. ಒಂದೇ ತಟ್ಟೆಯಲ್ಲಿ ದೊಡ್ಡದು, ಸಣ್ಣದು. ಇಂಥವು ಒಟ್ಟಿಗೆ ಗೂಡು ಕಟ್ಟುವುದಿಲ್ಲವೆಂದು ರೈತರು ಬಂದು ಜಗಳವಾಡಿದರು. ಮಾಲೀಕ ಅಮರನಾಥ್ ಕೆಟ್ಟವರಲ್ಲ, ಆದರೂ ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಹೇಳಿಯೇಬಿಟ್ಟರು.

ಆಸ್ಪತ್ರೆಯಲ್ಲಿ ಇ.ಸಿ.ಜಿ. ನೋಡಿದ ಡಾಕ್ಟರು ಹೃದಯ ಗಟ್ಟಿಯಾಗಿದೆ, ಇದು ಆತಂಕ ಎಂದು ನರ್ಸ್ ರಮ್ಯ ಹತ್ತಿರ ಕಳಿಸಿದರು. ದಿನಾ ಐದು ನಿಮಿಷ ಸುಮ್ಮನೆ ಕೂತು ಉಸಿರನ್ನು ಗಮನಿಸಿ ಅಂದರು ರಮ್ಯ. ಶಾಮಲಮ್ಮನಿಗೆ ಹುಟ್ಟಿದ್ದು ಬೇರೆ ಪ್ರಶ್ನೆ: "ಯಾವ ದೇವ್ರನ್ನ ನೆನೀಬೇಕಮ್ಮ? ತಲೆಗೆ ಸ್ನಾನ ಮಾಡ್ಕೊಂಡು ಕೂರ್ಬೇಕಾ?" ಇದಕ್ಕೆ ದೇವರೂ ಬೇಡ, ಮಂತ್ರವೂ ಬೇಡ, ಇದ್ದ ಹಾಗೇ ಕೂರಬಹುದು ಎಂಬ ಉತ್ತರ ಕೇಳಿ ಅವರಿಗೆ ನಂಬಿಕೆಯೇ ಬರಲಿಲ್ಲ.

ಮೂರನೇ ದಿನ ಕೂತಲ್ಲೇ ಗೊರಕೆ ಹೊಡೆದರು. "ಕಣ್ ಮುಚ್ಚಿದ್ರೆ ಸಾಕು, ಸೊಪ್ಪು, ಸಾರು, ಸೊಸೆ, ಎಲ್ಲಾ ಒಟ್ಗೇ ಬರ್ತಿದ್ವು. ನಂಗಿದು ಬರಲ್ಲ ಕಣಮ್ಮ ಅಂತ ಹೋಗಿ ಹೇಳ್ಬಿಟ್ಟೆ" ಎಂದು ನಗುತ್ತಾರೆ. ರಮ್ಯ ಬಿಡಲಿಲ್ಲ. "ಮನಸ್ಸು ಹೋಗೋದು ತಪ್ಪಲ್ಲ ಶಾಮಲಕ್ಕ. ಹೋಗಿದೆ ಅಂತ ಗೊತ್ತಾದಾಗ ಮತ್ತೆ ಉಸಿರಿಗೆ ಬನ್ನಿ. ಹಂಗೆ ವಾಪಸ್ ಬರೋದೇ ಅಭ್ಯಾಸ" ಎಂದರು.

ನಿಜವಾದ ಪರೀಕ್ಷೆ ಬಂದಿದ್ದು ಮುಂದಿನ ಬ್ಯಾಚಿನ ಮೊದಲ ಜ್ವರಕ್ಕೆ. ಮಧ್ಯಾಹ್ನದ ಹೊತ್ತಿಗೆ ಎದೆ ಹೊಡೆದುಕೊಂಡಿತು, ಕೈ ಸೊಪ್ಪಿನ ಬುಟ್ಟಿಗೆ ಹೋಯಿತು. ಶಾಮಲಮ್ಮ ಬುಟ್ಟಿ ಬಿಟ್ಟು ಕೂತರು. ಹತ್ತು ಉಸಿರು ಎಣಿಸಲು ಹೋಗಿ ನಾಲ್ಕಕ್ಕೇ ತಪ್ಪಿದರು, ಮತ್ತೆ ಒಂದರಿಂದ ಹಿಡಿದರು. ಹೀಗೆ ಎಷ್ಟು ಸಲವೋ ಅವರಿಗೇ ಲೆಕ್ಕವಿಲ್ಲ. ಎದ್ದಾಗ ಎದೆ ಹತೋಟಿಗೆ ಬಂದಿತ್ತು, ಬುಟ್ಟಿಯ ಸೊಪ್ಪು ಒದ್ದೆ ಗೋಣಿಯಡಿ ಹಾಗೇ ಇತ್ತು. ಸಂಜೆ ಮತ್ತೆ ಕೂತರು.

ಮರುದಿನ ಹುಳುಗಳೆಲ್ಲ ಒಂದೇ ಸಮ ಎದ್ದಿದ್ದವು. ಅಮರನಾಥ್ ತಟ್ಟೆಗಳನ್ನೆಲ್ಲ ನೋಡಿ, ಇವತ್ತು ಸೊಪ್ಪು ಸ್ವಲ್ಪ ಜಾಸ್ತಿ ಹಾಕಿ ಅಂದರಂತೆ, ಅಷ್ಟೇ. ಕೆಲಸ ಉಳಿಯಿತೆಂದು ಶಾಮಲಮ್ಮನಿಗೆ ಅಷ್ಟರಲ್ಲೇ ತಿಳಿಯಿತು. ಸೊಪ್ಪಿನ ಕೋಣೆಗೆ ಹೋಗಿ ಸಮಾಧಾನವಾಗುವಷ್ಟು ಅತ್ತರು. ಆಮೇಲಿನ ಒಂಬತ್ತು ಬ್ಯಾಚಿನಲ್ಲಿ ಒಬ್ಬ ರೈತನೂ ದೂರು ತಂದಿಲ್ಲ.

ಹಾಗಾದರೆ ಈಗ ಮನಸ್ಸು ನಿಂತಿದೆಯೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ಅದೆಲ್ಲಿ ನಿಲ್ತದೆ, ಓಡ್ತಾನೇ ಇರ್ತದೆ. ಓಡ್ಲಿ ಬಿಡಿ. ಅದು ಹೇಳ್ದಂಗೆಲ್ಲ ಈಗ ನನ್ ಕೈ ಓಡಲ್ಲ."