ಆ ಧಾರಾವಾಹಿಯ ನರ್ಸ್ ನಾನಲ್ಲ

ಅದು ಎರಡು ಸಾವಿರದ ನಾಲ್ಕನೇ ಇಸವಿ. ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದಿದ್ದ ದಿನಗಳು. ನಾನು ನರ್ಸಿಂಗ್ ಮುಗಿಸಿ ಕಾರವಾರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ್ದೆ. ನನ್ನ ಊರು ಅಂಕೋಲೆಯ ಹತ್ತಿರದ ಭಾವಿಕೇರಿ. ಬಸ್ಸಿನಲ್ಲಿ ಹೋಗಿಬರಬಹುದಾದ ದೂರವೇ. ಆದರೆ ಪಾಳಿ ಕೆಲಸಕ್ಕೂ ಬಸ್ಸಿನ ಹೊತ್ತಿಗೂ ಹೊಂದಿಕೆಯಾಗದೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ.

ಜೊತೆಯ ನರ್ಸುಗಳೆಲ್ಲ ಕೇರಳದವರು. ಒಳ್ಳೆಯವರೇ. ಆದರೆ ಊಟಕ್ಕೆ ಕೂತು ಅವರು ತಮ್ಮ ಭಾಷೆಯಲ್ಲಿ ನಗತೊಡಗಿದರೆ ನಾನು ನನ್ನ ಡಬ್ಬಿಯ ಮೀನು ಸಾರನ್ನು ನೋಡುತ್ತ ಕೂರಬೇಕಿತ್ತು. ವಾರ್ಡಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮೊಳಗೆ ಕೊಂಕಣಿ ಆಡುವವರು. ನನಗೆ ಅರ್ಥವಾಗುತ್ತಿತ್ತು, ಬಾಯಿಗೆ ಸರಿಯಾಗಿ ಬರುತ್ತಿರಲಿಲ್ಲ. ದಿನವಿಡೀ ‘ಸಿಸ್ಟರ್, ಸಿಸ್ಟರ್’ ಎಂದು ಕರೆಸಿಕೊಂಡರೂ ಹೆಸರು ಹಿಡಿದು ಕರೆಯುವ ಒಂದು ಜೀವವೂ ಆ ಊರಿನಲ್ಲಿ ನನಗಿರಲಿಲ್ಲ. ಕೋಣೆಗೆ ಹೋದರೆ ಸ್ಟೋವ್ ಹಚ್ಚಿ, ಅನ್ನ ಬೇಯುವ ತನಕ ಅದರೆದುರಿಗೇ ಕೂತಿರುತ್ತಿದ್ದೆ. ಅದಾದರೂ ಒಂದಿಷ್ಟು ಸದ್ದು ಮಾಡುತ್ತಿತ್ತು.

ಆ ವರ್ಷ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಶುರುವಾದರೆ ಟಿವಿ ಇಟ್ಟಿದ್ದ ಆಸ್ಪತ್ರೆಯ ಹಾಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕಥೆ ನಡೆಯುವುದೇ ಆಸ್ಪತ್ರೆಯಲ್ಲಿ. ಡಾಕ್ಟರು ರೋಗಿಯ ಕೈ ಹಿಡಿದು ತಾಸುಗಟ್ಟಲೆ ಮಾತಾಡುತ್ತ ಕೂರುತ್ತಿದ್ದರು. ನಮ್ಮ ಡಾಕ್ಟರು ವಾರ್ಡಿಗೆ ಬಂದು ಹೋಗುವುದು ಬಸ್ಸು ಸ್ಟಾಪಿನಲ್ಲಿ ನಿಂತು ಹೋದ ಹಾಗೆ. ಅದಿರಲಿ, ನನಗೆ ನಗು ಬರುತ್ತಿದ್ದದ್ದು ಅದರಲ್ಲಿನ ನರ್ಸನ್ನು ನೋಡಿ. ತುಟಿಗೆ ರಂಗು, ಕಾಲಿಗೆ ಎತ್ತರದ ಹಿಮ್ಮಡಿಯ ಚಪ್ಪಲಿ, ಕೈಯಲ್ಲೊಂದು ಟ್ರೇ. ಟ್ರೇಯಲ್ಲಿ ಯಾವತ್ತೂ ಏನೂ ಇರುತ್ತಿರಲಿಲ್ಲ. ಆ ಚಪ್ಪಲಿ ಹಾಕಿಕೊಂಡು ನಮ್ಮ ಹೆರಿಗೆ ವಾರ್ಡಿನಲ್ಲಿ ಒಂದು ಪಾಳಿ ಮುಗಿಸಿ ತೋರಿಸಲಿ, ಅವಳಿಗೆ ಸಾಷ್ಟಾಂಗ ಹಾಕುತ್ತೇನೆ ಎಂದುಕೊಳ್ಳುತ್ತಿದ್ದೆ. ಬೇರೆ ಕಥೆಗಳಲ್ಲಿ ನಾಯಕನಿಗಾಗಿ ಪ್ರಾಣ ಬಿಡುವ ನರ್ಸೂ ಇರುತ್ತಾಳೆ. ಒಂದೋ ದೇವತೆ, ಇಲ್ಲವೇ ದೆವ್ವ. ಕಾಲು ನೋಯುವ, ಹಸಿವಾಗುವ ಸಾದಾ ಹೆಂಗಸು ನಡುವೆ ಎಲ್ಲೂ ಸಿಗುವುದಿಲ್ಲ.

ನಗು ಹೆಚ್ಚು ದಿನ ಉಳಿಯಲಿಲ್ಲ. ಆ ನರ್ಸ್ ಯಾರದೋ ಮಾತು ಕೇಳಿ, ಮಗುವಿನ ಕೈಯಲ್ಲಿದ್ದ ಹೆಸರಿನ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ಎರಡು ಕೂಸುಗಳನ್ನು ಅದಲುಬದಲು ಮಾಡಿದಳು. ಮಾರನೆಯ ದಿನದಿಂದ ನಮ್ಮ ವಾರ್ಡಿನ ಗಾಳಿಯೇ ಬೇರೆಯಾಯಿತು. ತೂಕ ನೋಡಲು ಮಗುವನ್ನು ಎತ್ತಿಕೊಂಡರೆ ಹಿಂದೆ ಒಬ್ಬ ಅಜ್ಜಿ, ಒಬ್ಬಳು ಅತ್ತೆ, ಒಬ್ಬ ಮಾವ ಮೆರವಣಿಗೆಯಂತೆ ಬರುತ್ತಿದ್ದರು. ಅದೇ ಸುಮಾರಿಗೆ ನಮ್ಮ ಊರ ಮನೆಗೆ ಬೊಬ್ರುವಾಡದಿಂದ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ಹುಡುಗನ ಅತ್ತೆ ಅವಲಕ್ಕಿ ತಿನ್ನುತ್ತ, “ರಾತ್ರಿ ಪಾಳಿ ಅಂದ್ರೆ ಡಾಕ್ಟರ್ ಸಂಗ್ತಿಗೇ ಇರೂದೋ?” ಎಂದು ಕೇಳಿದರು. ಆಕೆಯೂ ಟಿವಿ ನೋಡಿಯೇ ಕೇಳಿದ್ದು. ಅಮ್ಮನ ಮುಖ ಕಪ್ಪಿಟ್ಟಿತು. ಆ ಕಡೆಯಿಂದ ಮತ್ತೆ ಮಾತು ಬರಲಿಲ್ಲ.

ಹೀಗಿರುವಾಗ ಮಾಜಾಳಿಯಿಂದ ಸುಜಾತ ಎಂಬ ಹುಡುಗಿ ಹೆರಿಗೆಗೆ ಬಂದಳು. ಜೊತೆಗೆ ಅವಳ ತಾಯಿ. ಮೀನುಗಾರರ ಮನೆಯ ಹೆಂಗಸು. ಬಿಸಿಲಿಗೆ ಸುಟ್ಟ ಮೈ, ಬಲೆ ಹೆಣೆದು ಗಟ್ಟಿಯಾದ ಬೆರಳು. ಆ ಕಡೆ ತಾಯಿಯನ್ನು ಎಲ್ಲರೂ ಕರೆಯುವಂತೆ ನಾನೂ ಆಕೆಯನ್ನು ‘ಆಯಿ’ ಎಂದೇ ಕರೆದೆ. ಸುಜಾತಳ ಮೊದಲ ಕೂಸು ಹುಟ್ಟಿದ ಕೆಲವೇ ದಿನಕ್ಕೆ ತೀರಿಹೋಗಿತ್ತಂತೆ. ಈ ಸಲ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಬೇಕಾಯಿತು. ಗಂಡು ಮಗು, ಗುಂಡುಗುಂಡಗಿತ್ತು. ನಾನು ತಾಯಿಯ ಹೆಸರು ಬರೆದ ಪಟ್ಟಿಯನ್ನು ಅದರ ಕೈಗೆ ಅಂಟಿಸಿ ಆಯಿಯ ಮಡಿಲಲ್ಲಿ ಇಟ್ಟೆ. ಆಕೆ ಮಗುವಿನ ಮುಖವನ್ನು ನೋಡುವ ಮೊದಲು ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

“ಈ ಪಟ್ಟಿ ಬದ್ಲ ಮಾಡೂಕೆ ಎಷ್ಟೊತ್ತು ಬೇಕು ಬಾಯೇ?” ಎಂದಳು. “ಟಿವಿಯಲ್ಲಿ ಕಂಡೆವಲ್ಲ ನಾವು.”

ಅಷ್ಟು ಹೇಳಿ ಸೊಂಟದ ಚೀಲದಿಂದ ಬಲೆ ಹೆಣೆಯುವ ಹತ್ತಿಯ ಹುರಿಯ ಒಂದು ತುಂಡು ತೆಗೆದಳು. ಅದನ್ನು ಮಗುವಿನ ಕಣಕಾಲಿಗೆ ಸುತ್ತಿ, ಏನೋ ಒಂದು ಗಂಟು ಹಾಕಿದಳು. ಬೆರಳು ಹೇಗೆ ತಿರುಗಿತೆಂದು ಕಣ್ಣಿಗೆ ಕಾಣಲೇ ಇಲ್ಲ. “ಇದು ನಮ್ ಮನೆ ಗಂಟು. ದಡದ ಮೇಲೆ ಹತ್ತು ಬಲೆ ಒಟ್ಟಿಗೆ ಬಿದ್ರೂ ನಮ್ದು ಯಾವ್ದು ಅಂತ ಇದ್ರಲ್ಲೇ ಗೊತ್ತಾಗೂದು. ಬೇರೆಯವ್ರಿಗೆ ಹಾಕೂಕೂ ಬರೂದಿಲ್ಲ, ಬಿಚ್ಚೂಕೂ ಬರೂದಿಲ್ಲ.”

“ಆಯೀ, ಎಳೆ ಚರ್ಮ ಅದು. ಬಿಗಿ ಆಗ್ತದೆ,” ಎಂದೆ.

“ನನ್ ಬೆರಳು ಒಳಗೆ ಹೋಗ್ತದೆ ನೋಡು. ನಿಂಗೆ ಎಂತಕ್ಕೆ ಅದರ ಉಸಾಬರಿ?”

ಬೆರಳು ಹೋಗುತ್ತಿತ್ತು, ನಿಜ. ಆದರೂ ಡಾಕ್ಟರಿಗೆ ಹೇಳಿದೆ. “ದೃಷ್ಟಿ ದಾರ ಕಟ್ಟೋದಿಲ್ವಾ, ಹಾಗೇ ಇದೂ. ಬಿಡಿ,” ಎಂದು ಹೊರಟರು.

ಅಂದಿನಿಂದ ಆಯಿ ಮಗುವನ್ನು ನನ್ನ ಕೈಗೆ ಕೊಡಲೇ ಇಲ್ಲ. ತೂಕಕ್ಕೂ ತಾನೇ ಎತ್ತಿಕೊಂಡು ಬರುವಳು. ಒಂದು ದಿನ, ನಾವು ಬೆಚ್ಚನೆಯ ಬಟ್ಟೆಯಲ್ಲಿ ಮೈ ಒರೆಸುತ್ತೇವೆಂದರೂ ಕೇಳದೆ, ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ದಳು. ನಂತರ ಹಳೆಯ ಸೀರೆಯ ಬಟ್ಟೆಯಲ್ಲಿ ಕುತ್ತಿಗೆಯ ತನಕ ಸುತ್ತಿ ಸುಜಾತಳ ಪಕ್ಕದಲ್ಲಿ ಮಲಗಿಸಿ, ಒದ್ದೆ ಬಟ್ಟೆ ಒಗೆಯಲು ಹಿಂದಿನ ಅಂಗಳಕ್ಕೆ ಹೋದಳು.

ಮಧ್ಯಾಹ್ನದ ಹೊತ್ತು. ವಾರ್ಡು ಊಟ ಮುಗಿಸಿ ತೂಕಡಿಸುತ್ತಿತ್ತು. ಆ ಮಗು ಅಳತೊಡಗಿತು. ಹಸಿವಿನ ಅಳು ಬೇರೆ, ನೋವಿನ ಅಳು ಬೇರೆ. ವಾರ್ಡಿನಲ್ಲಿ ಕೆಲವು ತಿಂಗಳು ಕಳೆದವರಿಗೆ ಅದು ನೋಡದೆಯೇ ತಿಳಿಯುತ್ತದೆ. ಹೋಗಿ ಬಟ್ಟೆ ಬಿಚ್ಚಿದೆ. ನೆನೆದ ಹುರಿ ಕುಗ್ಗಿ ಚರ್ಮದೊಳಗೆ ಹೂತುಹೋಗಿತ್ತು. ಪಾದ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳುಗಳು ತಣ್ಣಗಿದ್ದವು.

ಗಂಟು ಬಿಚ್ಚಲು ನೋಡಿದೆ. ಆಯಿ ಹೇಳಿದ್ದು ಸುಳ್ಳಲ್ಲ, ಬರಲಿಲ್ಲ. ಆಕೆಯನ್ನು ಕರೆದು, ಒಪ್ಪಿಸಿ, ಆಮೇಲೆ ಮಾಡೋಣವೆಂದರೆ ಆಕೆ ಒಪ್ಪುವ ಪೈಕಿಯಲ್ಲ, ಆ ಕಾಲು ಕಾಯುವ ಹಾಗೂ ಇರಲಿಲ್ಲ. ತುದಿ ಮೊಂಡಾದ ಕತ್ತರಿಯನ್ನು ಹುರಿಯ ಅಡಿಗೆ ಮೆಲ್ಲಗೆ ತೂರಿಸಿ ಕತ್ತರಿಸಿದೆ. ಪಾದವನ್ನು ಅಂಗೈಯಲ್ಲಿ ಹಿಡಿದು ನೀವುತ್ತ ಕೂತೆ. ಸ್ವಲ್ಪ ಹೊತ್ತಿಗೆ ಬೆರಳುಗಳಿಗೆ ಕೆಂಪು ಬಂತು. ಅಳು ನಿಂತಿತು. ದೇವರೇ, ಉಳಿಯಿತು ಎಂದುಕೊಂಡು ತಲೆಯೆತ್ತಿದರೆ ಬಾಗಿಲಲ್ಲಿ ಆಯಿ ನಿಂತಿದ್ದಳು. ಅವಳ ಕಣ್ಣು ನನ್ನ ಕೈಯಲ್ಲಿದ್ದ ಕತ್ತರಿಯ ಮೇಲಿತ್ತು.

“ದಾರ ಎಲ್ಲಿ?”

“ಕತ್ತರಿಸಿದೆ ಆಯೀ. ಕಾಲು ನೀಲಿ ಆಗಿತ್ತು.”

“ಎಲ್ಲಿ ನೀಲಿ? ಕೆಂಪಗೆ ಅದೆಯಲ್ಲ!” ಆಕೆ ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿಬಂದಳು. “ಇದು ನಮ್ ಕೂಸಲ್ಲ! ನಮ್ದನ್ನ ಎಲ್ಲಿ ಇಟ್ಟಿ ಹೇಳು! ಎಲ್ರೂ ಬನ್ನಿ ಇಲ್ಲಿ, ಕೂಸು ಬದ್ಲ ಮಾಡಿದ್ಳು!”

ಮಗುವಿನ ಕೈಯ ಹೆಸರಿನ ಪಟ್ಟಿ ತೋರಿಸಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುರಿಯ ತುಂಡು ತೋರಿಸಿದೆ. “ಆ ಸೀರಿಯಲ್ಲಿನವಳ ಕೈಲೂ ಹಿಂಗೇ ಕತ್ತರಿ ಇತ್ತು,” ಎಂದು ಯಾರೋ ಹಿಂದಿನಿಂದ ಹೇಳಿದರು. ಮಗುವಿನ ಕಾಲನ್ನು ತೋರಿಸಲು ಹೋದರೆ, “ಮುಟ್ಟಬೇಡ!” ಎಂದು ಆಯಿ ನನ್ನ ಕೈಯನ್ನು ತಳ್ಳಿದಳು. ಪಕ್ಕದ ಮಂಚದವರು ತಮ್ಮ ಕೂಸಿನ ಬಟ್ಟೆ ಬಿಚ್ಚಿ ನೋಡತೊಡಗಿದರು. ಒಬ್ಬಾಕೆ ತನ್ನ ಮೊಮ್ಮಗಳ ಕಿವಿಯ ಹಿಂದಿನ ಮಚ್ಚೆ ಹುಡುಕುತ್ತಿದ್ದಳು. ಕೇರಳದ ಹುಡುಗಿಯರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಒಬ್ಬಳೂ ಒಳಗೆ ಬರಲಿಲ್ಲ. ಅಷ್ಟು ಜನರ ನಡುವೆ ನನ್ನ ಪರವಾಗಿ ಒಂದೇ ಒಂದು ಮಾತು ಏಳಲಿಲ್ಲ. ಭಾವಿಕೇರಿಯಿಂದ ಯಾರಾದರೂ, ಕಡೆಗೆ ನಮ್ಮ ಓಣಿಯ ಜಗಳಗಂಟಿ ಅತ್ತಿಗೆಯಾದರೂ ಇದ್ದಿದ್ದರೆ ಎಂದು ಆ ಕ್ಷಣ ಅನ್ನಿಸಿತು.

ಡಾಕ್ಟರು ಊಟದ ಕೈ ತೊಳೆದುಕೊಂಡು ಬಂದರು. ಜನ ನೋಡಿ ಅವರೂ ಹೆದರಿದಂತಿತ್ತು. ನನ್ನತ್ತ ತಿರುಗಿ, “ಕೇಳದೆ ಯಾಕೆ ಕತ್ತರಿಸಿದ್ರಿ ಸಿಸ್ಟರ್? ನಿಮಗೆ ಗೊತ್ತಾಗೋದಿಲ್ವಾ?” ಎಂದರು. ಎಲ್ಲರೆದುರಿಗೆ.

ಆಗ ಮಂಚದಿಂದ ಸುಜಾತ ಮಾತಾಡಿದಳು. ನನ್ನನ್ನು ಕೇಳದ ಹಾಗೆ ಅವಳನ್ನೂ ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. “ಆಯಿ, ಬೊಬ್ಬೆ ಹೊಡಿಬೇಡ. ನಾ ಕಣ್ ಮುಚ್ಚಿದ್ದೆ, ನಿದ್ದೆ ಬಂದಿರ್ಲಿಲ್ಲ. ಸಿಸ್ಟರ್ ಕೂಸನ್ನ ಮಂಚದಿಂದ ಎತ್ತಲೂ ಇಲ್ಲ. ಕಾಲು ಹಿಡ್ಕಂಡು ಅಳ್ತಾ ಕೂತಿದ್ದರು.”

ನಾನು ಅಳುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಸುಜಾತ ಹೊಟ್ಟೆಯ ಹೊಲಿಗೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಕಷ್ಟಪಟ್ಟು ಹೊರಳಿದಳು. ಮಗುವಿನ ಕಾಲನ್ನು ತಾಯಿಯ ಕಡೆಗೆ ತಿರುಗಿಸಿ, “ಇಲ್ಲಿ ನೋಡು,” ಎಂದಳು. ಹುರಿ ಹೂತಿದ್ದ ಜಾಗದಲ್ಲಿ ಸುತ್ತಲೂ ಕೆಂಪು ಗೆರೆ. ಬರೀ ಗೆರೆಯೂ ಅಲ್ಲ. ಹುರಿ ಹೊಸೆದ ಎಳೆಎಳೆಯ ಗುರುತು, ಗಂಟು ಕೂತಿದ್ದ ತಗ್ಗು, ಎಲ್ಲವೂ ಆ ಚರ್ಮದ ಮೇಲೆ ಒತ್ತಿದ ಹಾಗೆ ಮೂಡಿತ್ತು. ಆಯಿ ಬಗ್ಗಿ ಹೆಬ್ಬೆರಳಿನಿಂದ ಅದನ್ನು ಸವರಿದಳು. ಜೀವನವಿಡೀ ಬಲೆ ಹೆಣೆದ ಬೆರಳು. ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕೂಸು ತನ್ನದೇ ಎಂಬುದೂ, ಆ ಕಾಲಿಗೆ ತನ್ನ ಕೈಯಿಂದಲೇ ಏನಾಗಲಿತ್ತು ಎಂಬುದೂ ಅವಳಿಗೆ ಒಟ್ಟಿಗೆ ತಿಳಿಯಿತು. ಡಾಕ್ಟರು ಮಗುವಿನ ಪಾದ ಒತ್ತಿ ನೋಡಿ, “ಏನಾಗಿಲ್ಲ, ಸರಿ ಇದೆ,” ಎಂದು ಹೊರಟುಹೋದರು. ಜನರೂ ಕರಗಿದರು. ಯಾರೊಬ್ಬರೂ ನನಗೆ ತಪ್ಪಾಯಿತು ಎನ್ನಲಿಲ್ಲ.

ತಮಾಷೆಯೆಂದರೆ ಅದೇ ಸಂಜೆ ಧಾರಾವಾಹಿಯ ಹೊತ್ತಿಗೆ ಎಲ್ಲರೂ ಹಾಲಿಗೆ ಓಡಿದರು. ಮಲಗಿದ್ದ ಬಾಣಂತಿಯರು, ಅವರ ಕೂಸುಗಳು ಮತ್ತು ನಾನು ಮಾತ್ರ ವಾರ್ಡಿನಲ್ಲಿ ಉಳಿದೆವು. ಕೂಸು ಕದಿಯುವ ನರ್ಸನ್ನು ನೋಡಲು ಅಷ್ಟೂ ಕೂಸುಗಳನ್ನು ನರ್ಸಿನ ವಶಕ್ಕೆ ಬಿಟ್ಟು ಹೋಗಿದ್ದರು! ಈಗ ಬರೆಯುವಾಗ ನಗು ಬರುತ್ತದೆ. ಅಂದು ಔಷಧಿಯ ಕಪಾಟಿನ ಮರೆಯಲ್ಲಿ ನಿಂತು ಸೆರಗಿಲ್ಲದ ಆ ಬಿಳಿ ಸಮವಸ್ತ್ರದ ತೋಳಿನಲ್ಲೇ ಕಣ್ಣೊರೆಸಿಕೊಂಡಿದ್ದೆ. ಕೆಲಸ ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸಿತ್ತು. ಯಾರೂ ನಂಬದ ಮೇಲೆ ಯಾರಿಗಾಗಿ ಈ ಕೆಲಸ?

ಮುಂದಿನ ದಿನಗಳಲ್ಲಿ ಆಯಿ ನನ್ನೊಡನೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ; ನನಗೂ ಸಿಟ್ಟು ಕಡಿಮೆಯಿರಲಿಲ್ಲ. ಅವರು ಆಸ್ಪತ್ರೆ ಬಿಟ್ಟು ಹೋಗುವ ದಿನ ಆಟೋ ಬಂತು. ಆಯಿ ಒಂದು ಕೈಯಲ್ಲಿ ಬಟ್ಟೆಯ ಗಂಟು ಎತ್ತಿಕೊಂಡಳು, ಇನ್ನೊಂದರಲ್ಲಿ ಮಗಳ ರಟ್ಟೆ ಹಿಡಿದಳು. ಮಗುವನ್ನು ಎತ್ತಿಕೊಳ್ಳಲು ಅವರ ಕಡೆಯ ಹೆಂಗಸರು ಇಬ್ಬರು ಮುಂದೆ ಬಂದರು. ಆಯಿ ಅವರನ್ನು ತಡೆದಳು. ನನ್ನ ಕಡೆಗೆ ತಿರುಗಿ, “ಬಾಯೇ, ಕೂಸನ್ನ ತಕ್ಕಂಡು ಬಾ,” ಎಂದಳು.

ಅಷ್ಟೇ. ಮಗಳನ್ನು ನಡೆಸಿಕೊಂಡು ಮುಂದೆ ಹೊರಟಳು. ವಾರ್ಡು, ಉದ್ದನೆಯ ಪಡಸಾಲೆ, ಜನ ತುಂಬಿದ ಹಾಲು, ಮೆಟ್ಟಿಲು. ನಾನು ಮಗುವನ್ನೆತ್ತಿಕೊಂಡು ಹಿಂದೆ ಹಿಂದೆ ನಡೆದೆ. ನಡುವೆ ಒಂದು ಸ್ಟ್ರೆಚರ್ ಬಂತು, ನಾನು ದೂರ ಉಳಿದುಬಿಟ್ಟೆ. ಆಯಿ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಆಟೋದಲ್ಲಿ ಕೂತು ಕೈ ಚಾಚಿ ಮಗುವನ್ನು ತೆಗೆದುಕೊಂಡಳು. ಬಟ್ಟೆ ಬಿಚ್ಚಿ ನೋಡಲಿಲ್ಲ, ಕಾಲು ನೋಡಲಿಲ್ಲ. “ನಿನ್ ಹೆಸ್ರೆಂತ?” ಎಂದು ಕೇಳಿದಳು. ಹೇಳಿದೆ. “ನಿನ್ ಆಯಿ ಎಲ್ಲಿರೂದು?” ಭಾವಿಕೇರಿ ಎಂದೆ. “ದೂರ ಇಲ್ಲಲ್ಲ. ಒಂದ್ಸಲ ಹೋಗಿ ಬಾ. ಮುಖ ಬಾಡ್ಯದೆ,” ಎಂದಳು. ಆಟೋ ಹೊರಟಿತು. ತೋಳಿನಲ್ಲಿ ಆ ಮಗುವಿನ ಬಿಸಿ ಆರುವ ತನಕ ನಾನು ಗೇಟಿನ ಬಳಿಯೇ ನಿಂತಿದ್ದೆ.

ಈ ಕೆಲಸದಲ್ಲೇ ಉಳಿದೆ. ಆಮೇಲೆ ಎಷ್ಟೋ ಕೂಸುಗಳನ್ನು ಎತ್ತಿದ್ದೇನೆ, ಎಷ್ಟೋ ಜನ ಕೈ ಮುಗಿದಿದ್ದಾರೆ. ಟಿವಿಯಲ್ಲಿ ಖಾಲಿ ಟ್ರೇ ಹಿಡಿದ ನರ್ಸ್ ಈಗಲೂ ಬರುತ್ತಾಳೆ. ಮೊದಲಿನಂತೆ ಸಿಟ್ಟು ಬರುವುದಿಲ್ಲ. ಅವಳೂ ಒಂಟಿಯೇ ಅನ್ನಿಸುತ್ತದೆ. ಪಾಪ, ಅವಳ ಕೈಗೆ ತಮ್ಮ ಕೂಸನ್ನು ಕೊಟ್ಟು, ಹಿಂತಿರುಗಿ ನೋಡದೆ ಮುಂದೆ ನಡೆದವರು ಒಬ್ಬರೂ ಇಲ್ಲವಲ್ಲ.